ಜೋಂಬಿ ಅಜ್ಜಿಯ ಎಡಗೈ

ನಮ್ಮೂರು ಲುಬುಕ್ ತೆಪುಸ್‌ನಲ್ಲಿ ಹೆಂಗಸೊಬ್ಬಳು ತೀರಿಕೊಂಡರೆ ಮೊದಲು ಸುದ್ದಿ ಹೋಗುತ್ತಿದ್ದುದು ರೊಗಾಯಾಳ ಮನೆಗೆ, ಆಮೇಲೆ ಇಮಾಮರಿಗೆ. ಹೆಣ್ಣುಹೆಣಕ್ಕೆ ಸ್ನಾನ ಮಾಡಿಸಿ ಕಫನ್ ಸುತ್ತುವ ಕೆಲಸವನ್ನು ಅವಳು ಮೂವತ್ತೊಂದು ವರ್ಷದಿಂದ ಮಾಡಿಕೊಂಡು ಬಂದಿದ್ದಳು. ಉಳಿದಂತೆ ಬೆಳಿಗ್ಗೆ ಸೇತುವೆಯ ಪಕ್ಕ ಮೇಜು ಹಾಕಿ, ತೆಂಗಿನಹಾಲಿನ ಅನ್ನವನ್ನು ಬಾಳೆಲೆಯಲ್ಲಿ ಕಟ್ಟಿ ಮಾರುತ್ತಿದ್ದಳು. ಅದಕ್ಕೂ ಇದಕ್ಕೂ ಅದೇ ಕೈ. ಊರಲ್ಲಿ ಯಾರೂ ಹೇಸಿದವರಲ್ಲ. ಎಲ್ಲರಿಗೂ ಅವಳು ಮಕ್ ಯಾ, ಅಂದರೆ ಯಾ ಅಮ್ಮ. ಅನ್ನ ಕಟ್ಟೋದೂ ಹೆಣ ಕಟ್ಟೋದೂ ಒಂದೇ ಥರಾನಾ ಮಕ್ ಯಾ, ಎಂದು ಲಾರಿ ಓಡಿಸುವವನೊಬ್ಬ ಕಿಚಾಯಿಸಿದ್ದಕ್ಕೆ, ಅನ್ನಕ್ಕಾದರೆ ಖಾರ ಹಾಕಿ ಕಟ್ತೀನಿ, ನಿನಗೆ ಅದೂ ದಂಡ ಅಂದಿದ್ದಳಂತೆ. ಅವಳ ಬಾಯಿ ಅಂಥದ್ದು. ಮದುವೆ ಮನೆಯಲ್ಲಿ ಈರುಳ್ಳಿ ಹೆಚ್ಚಲು ಅವಳು ಕೂತರೆ ಉಳಿದವರ ಕೆಲಸ ಕೆಡುತ್ತಿತ್ತು, ನಕ್ಕು ನಕ್ಕು.

ಆದರೆ ಸ್ನಾನದ ಪರದೆಯ ಒಳಗೆ ಹೋದರೆ ಆ ಬಾಯಿಗೆ ಬೀಗ. ಈ ಕೆಲಸವನ್ನು ಅವಳಿಗೆ ಕಲಿಸಿದ್ದು ಅತ್ತೆ. ಎಲಚಿ ಎಲೆಯ ನೀರು ಎಷ್ಟು, ಕರ್ಪೂರ ಯಾವಾಗ, ಹತ್ತಿ ಎಲ್ಲಿ ಎಂಬುದನ್ನೆಲ್ಲ ಒಂದು ವಾರದಲ್ಲಿ ಕಲಿಸಿದ ಅತ್ತೆ, ಒಂದು ಮಾತನ್ನು ಮಾತ್ರ ಸಾಯುವವರೆಗೂ ಹೇಳುತ್ತಲೇ ಇದ್ದಳು. ಒಳಗೆ ಕಂಡ ಒಳ್ಳೆಯದನ್ನು ಹೇಳಬಹುದು, ಮುಖದಲ್ಲಿ ಕಳೆ ಇತ್ತು, ನಿದ್ದೆ ಮಾಡಿದ ಹಾಗಿತ್ತು ಅಂತ. ಮತ್ತಾವುದನ್ನೂ ಹೇಳುವಂತಿಲ್ಲ. ಗಾಯ, ಮಚ್ಚೆ, ಊನ ಏನಿದ್ದರೂ ಮಣ್ಣಿಗೆ ಹೋಗುವ ಸಾಮಾನು. ರೊಗಾಯಾ ಈ ಮಾತನ್ನು ಗಂಡನ ಮುಂದೆಯೂ ತಪ್ಪಿರಲಿಲ್ಲ. ಊರಿನವರು ತಮ್ಮ ತಾಯಂದಿರನ್ನೂ ಹೆಂಡಂದಿರನ್ನೂ ಅವಳ ಕೈಗೆ ಕೊಡುತ್ತಿದ್ದುದು ಇದಕ್ಕೇ. ಅವಳಿಗೆ ಬೇರೆ ಆಸ್ತಿಯೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಊರಿಗೆ ಸಿನಿಮಾದವರು ಬರುವುದಕ್ಕೆ ನಾಲ್ಕು ವರ್ಷ ಮೊದಲು ಇಂತಾನ್ ಎಂಬ ಮುದುಕಿ ತೀರಿಕೊಂಡಳು. ಅವಳ ಎಡಗೈಯನ್ನು ಊರಲ್ಲಿ ಯಾರೂ ನೋಡಿದವರಿಲ್ಲ. ಸದಾ ಸೆರಗಿನ ಕೆಳಗೇ ಇರುತ್ತಿತ್ತು. ಕೆಲವರು ವಾಯು ಹೊಡೆದಿದೆ ಅಂದರು, ಕೆಲವರು ಜಂಬ ಅಂದರು. ಅರವತ್ತು ವರ್ಷ ಹಾಗೇ ನಡೆಯಿತು. ಸಾಯುವ ಮೊದಲು ಮಗಳು ಮಸ್ನಿಯ ಹತ್ತಿರ ಮಾತು ತಗೊಂಡಿದ್ದಳು, ಪರದೆಯೊಳಗೆ ರೊಗಾಯಾ ಮತ್ತು ನೀನು, ಮೂರನೆಯವರು ಬೇಡ ಎಂದು. ಚಿಕ್ಕಂದಿನಲ್ಲಿ ಕುದಿಯುವ ಎಣ್ಣೆ ಬಿದ್ದ ಕೈ ಅದು. ಬೆರಳುಗಳು ಒಂದಕ್ಕೊಂದು ಅಂಟಿ, ಹೆಬ್ಬೆರಳು ಒಳಗೆ ಸೇರಿ, ಮಣಿಕಟ್ಟು ಎದೆಯ ಕಡೆಗೆ ತಿರುಚಿಕೊಂಡಿತ್ತು. ನೀರು ಎಲ್ಲ ಕಡೆ ತಾಗಬೇಕಲ್ಲ. ರೊಗಾಯಾ ಆ ಒಂದು ಕೈಗೇ ಮುಕ್ಕಾಲು ಗಂಟೆ ತೆಗೆದುಕೊಂಡಳು, ಹತ್ತಿಯನ್ನು ಕಡ್ಡಿಯಷ್ಟು ತೆಳ್ಳಗೆ ಹೊಸೆದು ಸಂದುಸಂದಿಗೂ ನೀರು ಮುಟ್ಟಿಸಿದಳು. ಹೊರಗೆ ಬಂದವಳು, ಮುಖ ಶಾಂತವಾಗಿತ್ತು ಎಂದಷ್ಟೇ ಹೇಳಿದಳು. ಮಸ್ನಿ ಅವಳ ಎರಡೂ ಕೈ ಹಿಡಿದು ಮುತ್ತಿಟ್ಟು ಹಣೆಗೊತ್ತಿಕೊಂಡಳು. ಅಲ್ಲಿಗೆ ಆ ವಿಷಯ ಮುಗಿಯಿತು, ಅಥವಾ ಮುಗಿಯಿತೆಂದು ಇಬ್ಬರೂ ತಿಳಿದರು.

ಸಿನಿಮಾ ಮಾಡಲು ಬಂದವನ ಹೆಸರು ಹೈಕಲ್. ಕ್ವಾಲಾಲಂಪುರದ ಹುಡುಗನಾದರೂ ಹಿರಿಯರ ಮುಂದೆ ಬಗ್ಗಿ ಹಾದುಹೋಗುವಷ್ಟು ಮರ್ಯಾದೆ ಕಲಿತವನು. ಕತೆ ಹೀಗೆ: ಒಂದು ಊರಿನ ಔತಣದಲ್ಲಿ ಕೆಟ್ಟುಹೋದ ಡುರಿಯಾನ್ ಹಣ್ಣಿನ ಉಪ್ಪಿನಕಾಯಿ ತಿಂದವರೆಲ್ಲ ಸತ್ತು, ಜೋಂಬಿಗಳಾಗಿ ಏಳುತ್ತಾರೆ. ಎದ್ದವರು ಮನುಷ್ಯರನ್ನು ತಿನ್ನಲು ಹೊರಟರೂ ಊರಿನ ಅಭ್ಯಾಸ ಬಿಡುವುದಿಲ್ಲ. ಬಾಗಿಲಲ್ಲಿ ಚಪ್ಪಲಿ ಕಳಚುತ್ತಾರೆ, ಸಲಾಂ ಹೇಳಿ ಒಳಗಿನಿಂದ ಉತ್ತರ ಬರುವವರೆಗೆ ಕಾಯುತ್ತಾರೆ. ಉತ್ತರ ಕೊಡದಿದ್ದವನು ಬಚಾವು. ನಮ್ಮ ಜನಕ್ಕೆ ಉತ್ತರ ಕೊಡದೆ ಇರಲು ಆಗುತ್ತದೆಯೇ, ಅದೇ ತಮಾಷೆ.

ಇಮಾಮರು ಎರಡು ದಿನ ಯೋಚನೆ ಮಾಡಿ, ಕಫನ್ ಬಟ್ಟೆಯನ್ನು ಆಟಕ್ಕೆ ಬಳಸಬಾರದು, ಉಳಿದದ್ದು ನಿಮ್ಮಿಷ್ಟ ಅಂದರು. ಹಾಗಾಗಿ ಜೋಂಬಿಗಳೆಲ್ಲ ಹಬ್ಬದ ಬಟ್ಟೆಯಲ್ಲೇ ಇರುವುದೆಂದಾಯಿತು. ಸಮುದಾಯ ಭವನದ ಅಂಗಳದಲ್ಲಿ ಹೈಕಲ್ ಊರಿನವರನ್ನು ನಡೆಸಿ ನೋಡಿದ. ಎಲ್ಲರೂ ಟಿವಿಯಲ್ಲಿ ಕಂಡ ಹಾಗೆ ಎರಡೂ ಕೈ ಮುಂದೆ ಚಾಚಿ, ಕತ್ತಲಲ್ಲಿ ಬಚ್ಚಲು ಹುಡುಕುವವರಂತೆ ಬಂದರು. ತಿಂಡಿಯ ತಟ್ಟೆ ಹಿಡಿದು ನಿಂತಿದ್ದ ರೊಗಾಯಾಳಿಗೆ ತಡೆಯಲಾಗಲಿಲ್ಲ.

"ಹೆಣ ಹಂಗೆಲ್ಲ ಕೈ ಚಾಚಲ್ಲ ಮಗಾ," ಎಂದಳು. "ನಾನು ನೋಡಿರೋವಷ್ಟು ಹೆಣ ಇವರ್ಯಾರೂ ನೋಡಿಲ್ಲ."

"ಹಾಗಾದ್ರೆ ನೀವೇ ತೋರಿಸಿ ಮಕ್ ಯಾ," ಎಂದ ಹೈಕಲ್.

ಅವಳು ತಟ್ಟೆಯನ್ನು ಪಕ್ಕದವಳಿಗೆ ಕೊಟ್ಟು ನಡೆದಳು. ಏನು ಮಾಡಬೇಕೆಂದು ಯೋಚಿಸಲೂ ಇಲ್ಲ. ದವಡೆ ಸಡಿಲಾಯಿತು, ಎಡಭುಜ ಇಳಿಯಿತು, ಎಡಗೈ ತಾನಾಗಿ ತಿರುಚಿ ಎದೆಗೆ ಅಂಟಿತು, ಹೆಬ್ಬೆರಳು ಒಳಗೆ ಹೋಯಿತು. ಅಂಗಳದಲ್ಲಿ ಎದ್ದ ನಗು ಹೊಳೆಯ ಆಚೆ ದಡಕ್ಕೆ ಕೇಳಿಸಿತಂತೆ. ಹೈಕಲ್ ಅಲ್ಲೇ ಕತೆ ತಿದ್ದಿ, ಅವಳನ್ನು ಜೋಂಬಿಗಳಿಗೆಲ್ಲ ಹಿರಿಯಳಾದ ಓಪಾ ಮಾಡಿದ. ಓಪಾ ಎಂದರೆ ನಮ್ಮ ಕಡೆ ಅಜ್ಜಿ. ಪಕ್ಕದ ಮನೆಯವರು ಎರವಲು ಒಯ್ದು ಹಿಂದಿರುಗಿಸದ ಪಾತ್ರೆಯ ಮುಚ್ಚಳ ಕೇಳಿಕೊಂಡು, ಸತ್ತ ಮೇಲೂ ಊರಿಡೀ ಅಲೆಯುವ ಅಜ್ಜಿ. ಮೂರು ವಾರ ಚಿತ್ರೀಕರಣ ನಡೆಯಿತು. ಅಷ್ಟು ಸಂತೋಷವಾಗಿ ತಾನು ಎಂದೂ ಇದ್ದಿಲ್ಲ ಎಂದು ಆಮೇಲೆ ಅವಳೇ ಒಪ್ಪಿಕೊಂಡಳು. ಆ ನಡಿಗೆ ತನ್ನ ಸ್ವಂತದ್ದೇ ಎಂದು ನಂಬಿದ್ದಳು.

ಸಿನಿಮಾ ತಯಾರಾದ ಮೇಲೆ ಹೈಕಲ್ ಮಾತಿಗೆ ತಪ್ಪದೆ ಮೊದಲು ನಮ್ಮೂರಿಗೇ ತಂದ. ಭಾನುವಾರ ಮಧ್ಯಾಹ್ನ ನಮಾಜು ಮುಗಿದ ಮೇಲೆ ಸಮುದಾಯ ಭವನದ ಕಿಟಕಿಗಳಿಗೆ ಚಾಪೆ ಕಟ್ಟಿ, ಗೋಡೆಗೆ ಬಿಳಿಬಟ್ಟೆ ಬಿಗಿದು ತೋರಿಸಿದರು. ಸೆಖೆಯೋ ಸೆಖೆ. ಓಪಾ ಜೋಂಬಿ ಮೊದಲ ಸಲ ಬಂದದ್ದು ಭತ್ತದ ಗದ್ದೆಯ ಬದುವಿನ ಮೇಲೆ. ದೂರದಿಂದ ನಡೆದು ನಡೆದು ಹತ್ತಿರ ಬಂದಳು, ಗೋಡೆಯ ತುಂಬ ಅವಳ ಎಡಗೈ ಬಂತು. ಜನ ಹೊಟ್ಟೆ ಹಿಡಿದು ನಕ್ಕರು. ರೊಗಾಯಾ ಮಾತ್ರ ನಗಲಿಲ್ಲ. ಕನ್ನಡಿ ಮುಂದೆ ನಿಂತು ನಡೆದವಳಲ್ಲ ಅವಳು, ತಾನು ಹೇಗೆ ಕಾಣುತ್ತೇನೆಂದು ಅವಳಿಗೆ ಗೊತ್ತಿರಲಿಲ್ಲ. ಈಗ ಗೊತ್ತಾಯಿತು. ಆ ಕೈಯನ್ನು ಅವಳು ಮುಕ್ಕಾಲು ಗಂಟೆ ತನ್ನ ಅಂಗೈಯಲ್ಲಿ ಇಟ್ಟುಕೊಂಡಿದ್ದಳು. ಬಾಯಿಗೆ ಹಾಕಿದ ಬೀಗವನ್ನು ಮೈಗೆ ಹಾಕಲು ಅತ್ತೆ ಹೇಳಿಕೊಟ್ಟಿರಲಿಲ್ಲ.

ಮುಂದಿನ ಸಾಲಿನಲ್ಲಿ ಮಸ್ನಿ ಎದ್ದಳು. ಮುಖಕ್ಕೆ ಕರವಸ್ತ್ರ ಒತ್ತಿಕೊಂಡು, ಕೂತವರ ಕಾಲು ದಾಟಿ ಹೊರಗೆ ಹೋದಳು. ಸೆಖೆಗೆ ಹೋಗಿರಬೇಕು ಎಂದು ಜನ ತಿಳಿದರು.

ಮರುದಿನದಿಂದ ಊರಿನ ಮಕ್ಕಳೆಲ್ಲ ಓಪಾ ಜೋಂಬಿಗಳಾದರು. ಶಾಲೆಯಿಂದ ಬರುವಾಗ ಸಾಲಾಗಿ ಎಡಗೈ ತಿರುಚಿ, ನನ್ನ ಮುಚ್ಚಳ ಎಲ್ಲಿ ಎಂದು ಕೇಳುತ್ತ ಬರುತ್ತಿದ್ದರು. ದೊಡ್ಡವರೂ ಕಡಿಮೆ ಇಲ್ಲ. ಮದುವೆಯೊಂದರಲ್ಲಿ ಮದುಮಗನ ಗೆಳೆಯರು ಹಾಗೆ ನಡೆದುಕೊಂಡೇ ಊಟಕ್ಕೆ ಬಂದರು. ಆ ಮದುಮಗಳ ಬಟ್ಟೆ ಹೊಲಿದವಳು ಮಸ್ನಿ, ಅವಳೂ ಅಲ್ಲೇ ಇದ್ದಳು. ರೊಗಾಯಾಳಿಗೆ ಇದು ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಹಾಗೆ ನಡೀಬೇಡ್ರೋ ಎಂದರೆ ಯಾಕೆ ಎನ್ನುತ್ತಾರೆ. ಯಾಕೆ ಎಂದು ಹೇಳಿದರೆ ಇಂತಾನ್ ಅರವತ್ತು ವರ್ಷ ಮುಚ್ಚಿಟ್ಟದ್ದು ಒಂದೇ ಮಾತಿಗೆ ಬಯಲು. ಹೇಳದಿದ್ದರೆ ಆ ಕೈ ಹೀಗೇ ದಿನಾ ಬೀದಿ ಸುತ್ತುತ್ತದೆ. ತಪ್ಪು ಮಾಡಿದವಳಿಗೆ ತಪ್ಪು ತಿದ್ದುವ ದಾರಿಯೂ ಇರಲಿಲ್ಲ.

ಅವಳು ಮಾಡಿದ್ದು ಒಂದೇ. ಮಂಡಿನೋವು ಎಂದು ಸುಳ್ಳು ಹೇಳಿ ಹೆಣದ ಕೆಲಸ ಬಿಟ್ಟಳು. ಇಂಥ ಕೈಗೆ ಇನ್ನೊಬ್ಬರ ತಾಯಿಯನ್ನು ಹೇಗೆ ಕೊಡುವುದು ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡಳು. ಅನ್ನದ ಮೇಜಿನಲ್ಲಿ ಮಾತೂ ಕಡಿಮೆಯಾಯಿತು. ಸಿನಿಮಾಗೆ ಹೋಗಿ ಬಂದ ಮೇಲೆ ಧಿಮಾಕು ಅಂದರು ಜನ. ಜನಕ್ಕೇನು.

ಆ ತಿಂಗಳ ಕೊನೆಗೆ ಓಪಾ ಜಹರಾ ತೀರಿಕೊಂಡಳು. ಊರಿನ ಅರ್ಧ ಜನಕ್ಕೆ ಕುರಾನು ಓದಲು ಕಲಿಸಿದ ಗುರುಗಳ ವಿಧವೆ, ಎಂಬತ್ತಾರು ವಯಸ್ಸು. ರೊಗಾಯಾ ಮಂಡಿನೋವಿನ ನೆಪ ಹೇಳಿದಳು. ಹೊಳೆಯಾಚೆಯ ಊರಿನಿಂದ ಬೇರೆಯವಳನ್ನು ಕರೆಸಿ ಕೆಲಸ ಮುಗಿಸಿದರು. ಮೂರನೇ ದಿನದ ಹೊತ್ತಿಗೆ ಚಹಾ ಅಂಗಡಿಯಲ್ಲಿ ಒಂದು ಮಾತು ಹುಟ್ಟಿತ್ತು, ಜಹರಾಳ ಬೆನ್ನ ತುಂಬ ಹಳೆಯ ಬೆತ್ತದ ಬಾಸುಂಡೆ ಕಲೆಗಳಂತೆ, ಎಣಿಸಲಾಗದಷ್ಟು. ಗುರುಗಳು ಮನೆಯಲ್ಲಿ ಎಂಥವರಾಗಿದ್ದರು ಎಂಬುದು ಸಂಜೆಯೊಳಗೆ ಊರಿಗೆಲ್ಲ ತಿಳಿಯಿತು. ಜಹರಾ ಜೀವಮಾನವಿಡೀ ಯಾರಿಗೂ ಹೇಳದ್ದು.

ಆ ಸಂಜೆಯೇ ರೊಗಾಯಾ ಮಸ್ನಿಯ ಮನೆಗೆ ಹೋದಳು. ಮೆಟ್ಟಿಲ ಕೆಳಗೆ ನಿಂತು ಸಲಾಂ ಹೇಳಿ, ಉತ್ತರ ಬರಲಿ ಎಂದು ಕಾದಳು. ಉತ್ತರ ಬರುವುದು ತಡವಾಯಿತು, ಆದರೆ ಬಂತು. ಮಸ್ನಿ ಹೊಲಿಗೆ ಮೆಷಿನ್ನಿನ ಮುಂದಿನಿಂದ ಏಳಲಿಲ್ಲ. ರೊಗಾಯಾ ನೆಲದ ಮೇಲೆ ಕೂತು, ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದನ್ನೆಲ್ಲ ಹೇಳಿದಳು. ಬೇಕೆಂದು ಮಾಡಿದ್ದಲ್ಲ, ಗೊತ್ತಾಗಿ ಮಾಡಿದ್ದಲ್ಲ, ಆದರೂ ಮಾಡಿದ್ದು ನಾನೇ, ಕ್ಷಮಿಸು.

"ಕ್ಷಮಿಸೋಕೆ ಅದು ನನ್ನ ಕೈ ಅಲ್ಲ ಮಕ್ ಯಾ," ಎಂದಳು ಮಸ್ನಿ. "ಅಮ್ಮಂದು. ಅವಳ ಪರವಾಗಿ ನಾನು ಕ್ಷಮೆ ಹೆಂಗೆ ಕೊಡ್ಲಿ?"

ಅದು ನಿಜವೇ. ಸತ್ತವರ ಋಣವನ್ನು ಬದುಕಿರುವವರು ಮನ್ನಾ ಮಾಡುವಂತಿಲ್ಲ, ಇದನ್ನು ರೊಗಾಯಾಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅವಳು ಏಳಲು ನೆಲಕ್ಕೆ ಕೈಯೂರಿದಳು.

"ಕೂತ್ಕೊಳಿ. ಓಪಾ ಜಹರಾ ಬೆನ್ನಿನ ಸುದ್ದಿ ಕೇಳಿದ್ರಾ?"

"ಕೇಳ್ದೆ."

"ನಿಮ್ಮ ಕೈ ಹೇಳಿದ್ದು ನನಗೊಬ್ಬಳಿಗೆ ತಿಳೀತು. ಹೊಳೆಯಾಚೆಯಿಂದ ಬಂದ ಆ ಹೆಂಗಸಿನ ಬಾಯಿ ಹೇಳಿದ್ದು ಊರಿಗೇ ತಿಳೀತು. ನೀವು ಮಂಡಿನೋವು ಅಂತ ಮನೇಲಿ ಕೂತಿದ್ರಿ. ಯಾವ ತಪ್ಪು ದೊಡ್ಡದು, ನೀವೇ ಹೇಳಿ."

ರೊಗಾಯಾ ತಲೆ ಎತ್ತಲಿಲ್ಲ. ಅವತ್ತು ನೀನು ಎದ್ದು ಹೋದದ್ದು ಕಂಡ ಮೇಲೆ ಯಾರ ಹೆಣ ಮುಟ್ಟುವ ಧೈರ್ಯವೂ ಬರಲಿಲ್ಲ, ನೀನು ಅಳುತ್ತಿದ್ದೆ ಎಂದಳು.

ಮಸ್ನಿ ಮೆಷಿನ್ನಿನಿಂದ ಬಟ್ಟೆ ಬಿಡಿಸಿದಳು. ದಾರ ಕತ್ತರಿಸಿದಳು. ಬಟ್ಟೆಯನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡಳು.

"ಅಳಲಿಲ್ಲ," ಎಂದಳು. "ನಗು ಬಂತು. ಎಲ್ಲರ ಜೊತೆ ನಾನೂ ಜೋರಾಗಿ ನಕ್ಕೆ ಮಕ್ ಯಾ. ಅರ್ಧ ನಕ್ಕ ಮೇಲೆ ಅದು ಯಾರ ಕೈ ಅಂತ ಗೊತ್ತಾಯ್ತು. ಗೊತ್ತಾದ ಮೇಲೂ ನಿಲ್ಲಲಿಲ್ಲ, ಬಾಯಿ ಮುಚ್ಕೊಂಡು ಆಚೆ ಓಡ್ದೆ. ಅವಳು ಯಾರಿಗೆ ಹೆದರಿ ಮುಚ್ಚಿಟ್ಕೊಂಡಿದ್ಲು? ನಗೋರಿಗೆ. ನಕ್ಕೋರಲ್ಲಿ ನಾನೂ ಒಬ್ಬಳು. ನೀವೇನೋ ನನ್ನ ಹತ್ರ ಬಂದ್ರಿ. ನಾನು ಯಾರ ಹತ್ರ ಹೋಗ್ಲಿ?"

ರೊಗಾಯಾಳಿಗೆ ಅಳು ಬಂತು, ಅತ್ತಳು. ಮಸ್ನಿ ಮೆಷಿನ್ ಬಿಟ್ಟು ಬಂದು ಅವಳ ಪಕ್ಕ ನೆಲದ ಮೇಲೆ ಕೂತಳು. ಸಂಜೆಯ ಬಾಂಗ್ ಕೇಳುವವರೆಗೂ ಇಬ್ಬರೂ ಹಾಗೇ ಕೂತಿದ್ದರು.

ಮುಂದಿನ ವಾರ ಅಕ್ಕಿ ಗಿರಣಿಯವರ ತಾಯಿ ತೀರಿಕೊಂಡರು. ಮಂಡಿನೋವು ಎಂದು ಗೊತ್ತಿದ್ದರೂ ಒಂದು ಮಾತು ಕೇಳೋಣ ಎಂದು ಬಂದವರ ಹಿಂದೆಯೇ ರೊಗಾಯಾ ಹೊರಟಳು. ಪರದೆ ಕಟ್ಟಿ ಆಗಿತ್ತು, ಕರ್ಪೂರದ ನೀರು ಸಿದ್ಧವಿತ್ತು. ಒಳಗೆ ಸಹಾಯಕ್ಕೆ ಒಬ್ಬರು ಬೇಕಿತ್ತು. ನೆರೆದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ, ಮಸ್ನಿ ತೋಳು ಮಡಿಚಿಕೊಂಡು ಗುಂಪಿನಿಂದ ಈಚೆ ಬಂದಳು, ಪರದೆ ಎತ್ತಿ ಒಳಗೆ ಹೋದಳು. ಅವರಿಬ್ಬರೂ ಹೊರಗೆ ಬಂದಾಗ ಎಲ್ಲರೂ ಹೊಸಬಳನ್ನೇ ಸುತ್ತುವರಿದು, ಹೇಗಿದ್ದರು ಎಂದು ಕೇಳಿದರು. ಮಸ್ನಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, ನಿದ್ದೆ ಮಾಡಿದ ಹಾಗಿದ್ದರು ಎಂದಳು.