ಮಜ್ಜಿಗೆಹುಲ್ಲಿನ ಭಟ್ಟಿ ಮತ್ತು ಎರಡನೆಯ ಅಡುಗೆಮನೆ

1970ರಲ್ಲಿ ನಾನು ವಯನಾಡಿನಲ್ಲಿ ರೇಷನಿಂಗ್ ಇನ್ಸ್‌ಪೆಕ್ಟರ್ ಆಗಿದ್ದೆ. ವಯಸ್ಸು ಇಪ್ಪತ್ತೇಳು. ವಯನಾಡು ಆಗಿನ್ನೂ ಜಿಲ್ಲೆಯಾಗಿರಲಿಲ್ಲ. ಕಲ್ಲೂರಿನ ಕಡೆಯ ಜೈನ ಗೌಡರ ಬೇಸಾಯದ ಮನೆಯವನಾದ ನನಗೆ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ, ಮೇಲಧಿಕಾರಿಗಳ ಎದುರು ಮೌನ, ಹೀಗೆ ಮೂರು ಭಾಷೆಗಳು ಚೆನ್ನಾಗಿ ಬರುತ್ತಿದ್ದವು.

ಆ ಹುದ್ದೆಯ ಘನತೆಯನ್ನು ಈಗಿನವರಿಗೆ ಸ್ವಲ್ಪ ವಿವರಿಸಬೇಕು. ಕಲೆಕ್ಟರರಿಗೆ ಜಮೀನಿನ ಮೇಲೆ ಅಧಿಕಾರವಿತ್ತು, ಪೊಲೀಸರಿಗೆ ಮನುಷ್ಯರ ಮೇಲೆ ಇತ್ತು, ನನಗೆ ಒಲೆಗಳ ಮೇಲೆ ಇತ್ತು. ರೇಷನ್ ಕಾರ್ಡಿನ ದೃಷ್ಟಿಯಲ್ಲಿ ಕುಟುಂಬವೆಂದರೆ ಹೆತ್ತವರು ಮಕ್ಕಳು ಎಂದಲ್ಲ. ಒಂದೇ ಅಡುಗೆಮನೆಯಲ್ಲಿ ಬೇಯಿಸಿ ಒಟ್ಟಿಗೆ ಉಣ್ಣುವವರು ಒಂದು ಕುಟುಂಬ. ಒಡಹುಟ್ಟಿದ ಅಣ್ಣತಮ್ಮಂದಿರೇ ಆದರೂ ಒಂದೇ ಸೂರಿನಡಿ ಎರಡು ಒಲೆ ಹೂಡಿದರೆ ಎರಡು ಕಾರ್ಡು. ಆದ್ದರಿಂದ ನಾನು ಯಾರ ಮನೆಗೆ ಹೋದರೂ ಜಗಲಿಯಲ್ಲಿ ಕೂರದೆ ನೇರವಾಗಿ ಅಡುಗೆಮನೆಗೆ ನಡೆಯುತ್ತಿದ್ದೆ. ಇಡೀ ತಾಲೂಕಿನಲ್ಲಿ ಯಾವ ಸೊಸೆ ಯಾವ ಅತ್ತೆಯೊಂದಿಗೆ ಮಾತು ಬಿಟ್ಟಿದ್ದಾಳೆ ಎಂಬುದು ಗಂಡಂದಿರಿಗಿಂತ ಮೊದಲು ನನಗೆ ತಿಳಿಯುತ್ತಿತ್ತು.

ನನ್ನ ವ್ಯಾಪ್ತಿ ಪುಲ್ಪಳ್ಳಿಯ ಕಡೆ. ನಕ್ಸಲೀಯರ ಗಲಾಟೆ ನಡೆದು ಬಹಳ ದಿನವಾಗಿರಲಿಲ್ಲ. ಕಾಡಂಚಿನಲ್ಲಿ ಪೊಲೀಸ್ ಕ್ಯಾಂಪುಗಳು ಬೀಡುಬಿಟ್ಟಿದ್ದವು. ದಕ್ಷಿಣದ ತಿರುವಾಂಕೂರಿನ ಕಡೆಯಿಂದ ಬಂದು ಕಾಡು ಕಡಿದು ಮೆಣಸು, ಕಾಫಿ ಹಾಕಿದ ಕ್ರೈಸ್ತ ವಲಸೆಗಾರರಿಗೆ ಜಮೀನಿನ ಪಟ್ಟಾ ಸಿಗುವುದೋ ಇಲ್ಲವೋ ಎಂಬ ಆತಂಕ. ಆ ಕಾಡು ಮೊದಲು ಯಾರದಾಗಿತ್ತೋ ಆ ಆದಿವಾಸಿಗಳು ಅದೇ ನೆಲದಲ್ಲಿ ಕೂಲಿಗೆ ನಿಂತಿದ್ದರು. ಅವರ ಆತಂಕವನ್ನು ಯಾವ ಕಚೇರಿಯೂ ಬರೆದುಕೊಳ್ಳುತ್ತಿರಲಿಲ್ಲ. ಪೊಲೀಸರಿಗೆ ಇದ್ದದ್ದು ಒಂದೇ ಪ್ರಶ್ನೆ: ಕಾಡಿನೊಳಗೆ ಅಡಗಿದವರಿಗೆ ಅಕ್ಕಿ ಯಾರ ಮನೆಯಿಂದ ಹೋಗುತ್ತಿದೆ? ಅಕ್ಕಿ ಎಂದರೆ ರೇಷನ್, ರೇಷನ್ ಎಂದರೆ ನಾನು. ಹೀಗೆ ರಾಜ್ಯದ ಭದ್ರತೆಯ ಒಂದು ಭಾಗ ನನ್ನ ಹೆಗಲಿಗೂ ಬಿತ್ತು.

ಪುಲ್ಪಳ್ಳಿಯಿಂದ ಎರಡು ಮೈಲಿ ದೂರದ ಕಾಡಂಚಿನಲ್ಲಿ ಔಸೇಪ್ಪ್ ಮತ್ತು ವರ್ಕಿ ಎಂಬ ಇಬ್ಬರು ಗಂಡಸರ ಮನೆಯಿತ್ತು. ಔಸೇಪ್ಪನಿಗೆ ನಲವತ್ತೈದು ದಾಟಿರಬೇಕು, ವರ್ಕಿ ಎರಡು ವರ್ಷ ಕಿರಿಯ. ಹನ್ನೆರಡು ವರ್ಷದ ಹಿಂದೆ ಒಂದೇ ಬಸ್ಸಿನಲ್ಲಿ ಬಂದು, ಒಂದೇ ಕೊಡಲಿಯಲ್ಲಿ ಸರದಿಯ ಮೇಲೆ ಮರ ಕಡಿದು ತೋಟ ಮಾಡಿದವರು. ಇಬ್ಬರಿಗೂ ಮದುವೆಯಿಲ್ಲ. ಊರವರು ಆ ಜಾಗಕ್ಕೆ ‘ಎರಡು ಚೇಟ್ಟನ್ನರ ಮನೆ’ ಎನ್ನುತ್ತಿದ್ದರು, ಅಂದರೆ ಇಬ್ಬರು ಅಣ್ಣಂದಿರ ಮನೆ. ಹಾಗೆಂದು ಅಷ್ಟಕ್ಕೇ ಬಿಡುತ್ತಿದ್ದರು.

ನಾನು ಬಿಡಲಿಲ್ಲ. ಕಾರ್ಡು ತಪಾಸಣೆಗೆ ಹೋದ ದಿನ ನೋಡುತ್ತೇನೆ, ಯಜಮಾನ ಔಸೇಪ್ಪ್, ಅವನ ಕೆಳಗೆ ವರ್ಕಿ, ‘ಯಜಮಾನನೊಂದಿಗೆ ಸಂಬಂಧ’ ಎಂಬ ಅಂಕಣದಲ್ಲಿ ‘ತಮ್ಮ’. ಇಬ್ಬರ ಮನೆಹೆಸರೂ ಬೇರೆ ಬೇರೆ. ಅಪ್ಪಂದಿರ ಹೆಸರೂ ಬೇರೆ. ಅಡುಗೆಮನೆ ಒಂದೇ ಇತ್ತು, ಒಲೆಯೂ ಒಂದೇ. ನಿಯಮದ ಪ್ರಕಾರ ನನ್ನ ಕೆಲಸ ಅಲ್ಲಿಗೆ ಮುಗಿದಿತ್ತು: ‘ತಮ್ಮ’ ಎಂಬ ಪದ ಹೊಡೆದುಹಾಕಿ ಹೊರಡಬಹುದಿತ್ತು. ಆದರೆ ಹೊರಡುವಾಗ ಒಳಕೋಣೆಯ ಬಾಗಿಲು ತೆರೆದಿತ್ತು. ಹಲಸಿನ ಮರದ ಅಗಲವಾದ ಮಂಚ, ಒಂದೇ. ದಿಂಬು ಎರಡು. ಮಂಚ ಎಣಿಸುವ ಅಧಿಕಾರ ನನ್ನ ಇಲಾಖೆಗಿರಲಿಲ್ಲ. ಆದರೂ ಎಣಿಸಿದೆ. ನನಗಾಗ ಮದುವೆಯಾಗಿ ಎಂಟು ತಿಂಗಳು. ಎರಡು ದಿಂಬುಗಳ ಅರ್ಥವನ್ನು ಹೊಸದಾಗಿ ಕಲಿತಿದ್ದೆ.

ನನಗೆ ಕಸಿವಿಸಿಯಾಯಿತು. ಕಸಿವಿಸಿಯಾದ ಸರಕಾರಿ ನೌಕರ ನಿಯಮಪುಸ್ತಕ ತೆರೆಯುತ್ತಾನೆ. ತೋಟದ ಮೇಲ್ತುದಿಯಲ್ಲಿ ಒಂದು ಶೆಡ್ಡಿತ್ತು. ಮಜ್ಜಿಗೆಹುಲ್ಲನ್ನು ಕುದಿಸಿ ಅದರ ಎಣ್ಣೆ ಇಳಿಸುವ ಭಟ್ಟಿ ಅಲ್ಲಿತ್ತು. ಭಟ್ಟಿಯ ಕೆಳಗೆ ದೊಡ್ಡ ಒಲೆ. ಒಲೆ ಇದ್ದಲ್ಲಿ ಅಡುಗೆಮನೆ, ಅಡುಗೆಮನೆ ಇದ್ದಲ್ಲಿ ಕುಟುಂಬ ಎಂದು ತರ್ಕಿಸಿ, ವರ್ಕಿಯನ್ನು ಕಾಗದದ ಮೇಲೆ ಆ ಶೆಡ್ಡಿಗೆ ಸ್ಥಳಾಂತರಿಸಿ, ಅವನಿಗೆ ಬೇರೆ ಕಾರ್ಡು ಬರೆದೆ.

ಔಸೇಪ್ಪ್ ಮೆಲ್ಲಗೆ ಹೇಳಿದ, “ಸಾರ್, ಆ ಶೆಡ್ಡಿನಲ್ಲಿ ಮನುಷ್ಯ ಮಲಗಲಿಕ್ಕೆ ಆಗುವುದಿಲ್ಲ.”

“ಯಾರು ಎಲ್ಲಿ ಮಲಗುತ್ತಾರೆ ಅನ್ನುವುದು ಇಲಾಖೆಗೆ ಬೇಡದ ವಿಷಯ,” ಎಂದು ಗಂಭೀರವಾಗಿ ಉತ್ತರಿಸಿದೆ. ಆ ಒಂದು ವಿಷಯಕ್ಕಾಗಿಯೇ ಅವರ ಕಾರ್ಡನ್ನು ಒಡೆಯುತ್ತಿದ್ದೆ ಎಂಬುದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮೂರು ತಿಂಗಳ ಮೇಲೆ ಪೊಲೀಸ್ ಸಬ್ ಇನ್ಸ್‌ಪೆಕ್ಟರರಿಂದ ನನಗೆ ಕರೆ ಬಂತು. ಅವರು ಕೆಟ್ಟವರಲ್ಲ, ಮೇಲಿನವರು ದಿನವೂ ಕೇಳುವ ಪ್ರಶ್ನೆಗೆ ಏನಾದರೊಂದು ಉತ್ತರ ಕೊಡಬೇಕಾಗಿದ್ದ ಮನುಷ್ಯ.

“ಬನ್ನಿ ಗೌಡರೇ, ಕೂತುಕೊಳ್ಳಿ. ಕಾಡಂಚಿನಲ್ಲಿ ವರ್ಕಿ ಅಂತ ಒಬ್ಬನ ಕಾರ್ಡಿದೆ. ಮನೆ ನೋಡಿ ಬಂದೆವು. ಪಾತ್ರೆ ಇಲ್ಲ, ಚಾಪೆ ಇಲ್ಲ, ಒಂದು ಸೌಟು ಕೂಡ ಇಲ್ಲ. ಒಲೆಯಲ್ಲಿ ಮಾತ್ರ ಬೂದಿ ಬಿಸಿಯಾಗಿದೆ. ಮೂರು ತಿಂಗಳಿಂದ ವಾರವಾರ ಅಕ್ಕಿ ತಗೊಂಡಿದ್ದಾನೆ. ಆ ಅಕ್ಕಿ ಯಾರು ತಿಂದರು?”

ವರ್ಕಿಯನ್ನು ಹಿಂದಿನ ದಿನವೇ ಕರೆತಂದು ಲಾಕಪ್ಪಿನಲ್ಲಿ ಕೂರಿಸಿದ್ದರು. ಆ ವರ್ಷಗಳಲ್ಲಿ ಕಾಡಿಗೆ ಅಕ್ಕಿ ಕೊಟ್ಟನೆಂಬ ಸಂಶಯದ ಮೇಲೆ ಒಳಗೆ ಹೋದವನು ಹೇಗೆ ಹೊರಗೆ ಬರುತ್ತಿದ್ದನೆಂದು ನಾನಿಲ್ಲಿ ವರ್ಣಿಸುವುದಿಲ್ಲ. ಸಂಜೆ ಅವನನ್ನು ದೊಡ್ಡ ಕ್ಯಾಂಪಿಗೆ ಕಳಿಸುವ ಏರ್ಪಾಡಾಗಿತ್ತು. ಅದಕ್ಕೆ ಮೊದಲು ಸ್ಥಳ ತಪಾಸಣೆ ಮಾಡಿ ಲಿಖಿತ ವರದಿ ಕೊಡಿ ಎಂದರು. ಆ ಮನೆಯನ್ನು ಸೃಷ್ಟಿಸಿದವನು ನಾನು. ಇಲ್ಲದ ಮನೆಯಲ್ಲಿ ವಾಸವಾಗಿಲ್ಲ ಎಂಬ ಅಪರಾಧಕ್ಕೆ ಒಬ್ಬ ಒಳಗೆ ಕೂತಿದ್ದ.

ಸೈಕಲ್ ತುಳಿದುಕೊಂಡು ಹೋದೆ. ಔಸೇಪ್ಪ್ ಇರಲಿಲ್ಲ. ತೋಟದಲ್ಲಿ ಕೆಲಸ ಮಾಡುತ್ತಿದ್ದ ಮಾದಿ ಎಂಬ ಹೆಂಗಸು ಹಸುವಿಗೆ ನೀರಿಡುತ್ತಿದ್ದಳು. ಅವಳು ಕಾಡುನಾಯ್ಕ ಬುಡಕಟ್ಟಿನವಳು, ಅವಳ ಮಾತು ನಮ್ಮ ಕನ್ನಡಕ್ಕೆ ಹತ್ತಿರ.

“ಔಸೇಪ್ಪ್ ಎಲ್ಲಿ?”

“ಪಳ್ಳಿಗೆ ಹೋದ್ರು, ಅಚ್ಚನ್ ಹತ್ರ. ನಿನ್ನೆಯಿಂದ ಗಂಜಿ ಮುಟ್ಟಿಲ್ಲ.” ಪಳ್ಳಿ ಎಂದರೆ ಚರ್ಚು, ಅಚ್ಚನ್ ಎಂದರೆ ಪಾದ್ರಿ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಆ ಹುಲ್ಲಿನ ಒಲೆ ಎಣಿಸಿದ ಸಾಮಿ ನೀವೇ ಅಲ್ವಾ? ಅದ್ರಲ್ಲಿ ಅನ್ನ ಬೇಯಿಸಿದ್ರೆ ನಾಯಿ ತಿನ್ನಾಕಿಲ್ಲ.”

“ತಪ್ಪಾಯಿತು, ಮಾದಿ. ವರ್ಕಿ ಇರುವುದು ಇಲ್ಲೇ ತಾನೆ?”

“ಮತ್ತೆಲ್ಲಿ? ಒಂದೇ ಗುಡಿಸ್ಲು, ಒಂದೇ ಗಂಜಿ. ಜಗಳ ಆಡ್ತಾರೆ, ಎಲ್ಡು ದಿನ ಮಾತು ಬಿಡ್ತಾರೆ, ಆಮೇಲೆ ಒಬ್ರಿಗೊಬ್ರು ಮೀನು ತಂದು ಕೊಡ್ತಾರೆ. ನಿಮ್ಮನೇಲಿ ಬ್ಯಾರೆ ಥರಾನಾ?”

ನಮ್ಮ ಮನೆಯಲ್ಲಿ ಮೀನು ತಿನ್ನುವುದಿಲ್ಲ. ಅದೊಂದನ್ನು ಬಿಟ್ಟರೆ ಬೇರೆ ಥರವಿರಲಿಲ್ಲ. ಅಲ್ಲೇ ಜಗಲಿಯಲ್ಲಿ ಕೂತು ವರದಿ ಬರೆದೆ: ಸದರಿ ಶೆಡ್ಡು ವಾಸದ ಮನೆಯಲ್ಲ, ಸದರಿ ಒಲೆ ಅಡುಗೆಯ ಒಲೆಯಲ್ಲ, ಬೇರೆ ಕಾರ್ಡು ಕೊಟ್ಟದ್ದು ಕೆಳಗೆ ಸಹಿ ಮಾಡಿದ ಇನ್ಸ್‌ಪೆಕ್ಟರನ ತಪ್ಪು, ಅಕ್ಕಿಯನ್ನು ಇಬ್ಬರೂ ಒಟ್ಟಿಗೆ ಉಂಡಿದ್ದಾರೆ. ನನ್ನ ಮೇಲೆ ನಾನೇ ಬರೆದುಕೊಂಡ ಆರೋಪಪಟ್ಟಿ ಅದೊಂದೇ.

ಸಬ್ ಇನ್ಸ್‌ಪೆಕ್ಟರರು ವರದಿಯನ್ನು ಎರಡು ಸಲ ಓದಿದರು. “ಅಕ್ಕಿಯ ಲೆಕ್ಕ ಸರಿಹೋಯಿತು. ಆದರೆ ಗೌಡರೇ, ರಕ್ತಸಂಬಂಧ ಇಲ್ಲದ ಇಬ್ಬರು ಗಂಡಸರು ಹನ್ನೆರಡು ವರ್ಷ ಒಂದೇ ಮನೆಯಲ್ಲಿ ಯಾಕೆ ಇರ್ತಾರೆ? ಒಂದೋ ನಕ್ಸಲ್ ಪಕ್ಷದವರು. ಇಲ್ಲವೋ...” ಅವರು ಪೆನ್ಸಿಲ್ಲನ್ನು ಮೇಜಿನ ಮೇಲೆ ಕುಟ್ಟಿದರು. “ಅದಕ್ಕೂ ಒಂದು ಸೆಕ್ಷನ್ ಇದೆ.”

ಇದ್ದದ್ದು ನಿಜ. ದಂಡಸಂಹಿತೆಯ 377ನೆಯ ಕಲಮು, ಬ್ರಿಟಿಷರು ಬರೆದಿಟ್ಟು ಹೋದದ್ದು. ಗಂಡು ಗಂಡಿನ ಕೂಟಕ್ಕೆ ಜೀವಾವಧಿಯವರೆಗೂ ಶಿಕ್ಷೆ. ವರ್ಕಿಯನ್ನು ಮೊದಲ ಬೋನಿನಿಂದ ಬಿಡಿಸಲು ನಾನು ಬರೆದ ವರದಿಯೇ ಇಬ್ಬರನ್ನೂ ಎರಡನೆಯ ಬೋನಿಗೆ ತಳ್ಳುವಂತಿತ್ತು. “ನೀವು ಮನೆಯೊಳಗೆ ಹೋಗಿದ್ದಿರಲ್ಲ, ಏನು ಕಂಡಿತು?” ಎಂದು ಅವರು ಕೇಳಿದರು. ನನ್ನ ಕಣ್ಣ ಮುಂದೆ ಹಲಸಿನ ಮಂಚ ಬಂತು.

“ಒಲೆ ಕಂಡಿತು, ಸಾರ್,” ಎಂದೆ. “ಅದಕ್ಕಿಂತ ಹೆಚ್ಚು ನೋಡುವ ಅಧಿಕಾರ ನನಗಿಲ್ಲ.” ಮೂರು ತಿಂಗಳು ತಡವಾಗಿ ಬಂದ ಬುದ್ಧಿ.

ಆ ಹೊತ್ತಿಗೆ ಹೊರಗೆ ಕಾನ್‌ಸ್ಟೇಬಲ್ ಎದ್ದು ನಿಂತ ಸದ್ದಾಯಿತು. ಮತ್ತಾಯಿ ಅಚ್ಚನ್ ಬರುತ್ತಿದ್ದರು. ಬಿಳಿ ನಿಲುವಂಗಿಯನ್ನು ಮೊಣಕಾಲಿನವರೆಗೆ ಎತ್ತಿ ಹಿಡಿದಿದ್ದರು, ಕಾಲ ತುಂಬ ಕೆಸರು, ಕಂಕುಳಲ್ಲಿ ದಪ್ಪ ರಿಜಿಸ್ಟರು. ಹಿಂದೆ ಔಸೇಪ್ಪ್. ಅಚ್ಚನ್ ಚರ್ಚಿನಲ್ಲಿ ಗಟ್ಟಿಯಾಗಿ ಪ್ರಸಂಗ ಮಾಡುವವರೆಂದು ಹೆಸರಾಗಿದ್ದರು. ಗಂಡು ಗಂಡಿನ ಕೂಟದ ಪಾಪಕ್ಕಾಗಿ ಸೊದೋಮ್ ಪಟ್ಟಣವನ್ನು ಬೆಂಕಿ ಸುಟ್ಟ ಬೈಬಲ್ಲಿನ ಕತೆಯನ್ನು ಹೇಳುವಾಗ ಅವರ ಕಣ್ಣು ಯಾವ ಬೆಂಚಿನ ಕಡೆ ಹೋಗುತ್ತದೆಂದು ಊರಿಗೆಲ್ಲ ತಿಳಿದಿತ್ತು.

ರಿಜಿಸ್ಟರು ಚರ್ಚಿನ ಮನೆಪುಸ್ತಕ. ಒಂದು ಚರ್ಚಿಗೆ ಸೇರಿದ ಪ್ರತಿ ಮನೆಗೂ ಅದರಲ್ಲಿ ಒಂದು ಪುಟ. ಅಚ್ಚನ್ ಅದನ್ನು ಮೇಜಿನ ಮೇಲೆ ಬಿಚ್ಚಿದರು.

“ನೋಡಿ ಸಾರ್. ಔಸೇಪ್ಪ್, ವರ್ಕಿ. ಒಂದು ಮನೆ, ಒಂದು ಪುಟ. ಬಂದ ವರ್ಷದಿಂದ ಹೀಗೇ ಇದೆ. ಕಮ್ಯುನಿಸ್ಟರು ಭಾನುವಾರ ತಪ್ಪದೆ ಕುರ್ಬಾನದ ಪೂಜೆಗೆ ಬಂದು ಕೂರುವುದಿಲ್ಲ. ಇವರು ಬರುತ್ತಾರೆ, ನಾನು ಬೈದರೂ ಬರುತ್ತಾರೆ.”

“ಸರಿ ಅಚ್ಚೋ. ಸಂಬಂಧ ಏನು?”

“ಆ ಅಂಕಣ ಖಾಲಿ ಇದೆ. ನನಗಿಂತ ಮೊದಲಿನ ಅಚ್ಚನ್ ಖಾಲಿ ಬಿಟ್ಟರು. ನಾನೂ ಬಿಟ್ಟಿದ್ದೇನೆ.”

“ಜನ ಏನೇನೋ ಹೇಳ್ತಾರಲ್ಲ?”

ಅಚ್ಚನ್ ಪುಸ್ತಕ ಮುಚ್ಚಿದರು. ಹಿಂದೆ ನಿಂತಿದ್ದ ಔಸೇಪ್ಪನ ಕಡೆ ತಿರುಗಲಿಲ್ಲ.

“ಪಾಪದ ವಿಚಾರ ನನ್ನ ಇಲಾಖೆ, ಸಾರ್. ಅದರಲ್ಲಿ ಪೊಲೀಸರ ಸಹಾಯ ಬೇಕಾದಾಗ ನಾನೇ ಹೇಳಿ ಕಳಿಸುತ್ತೇನೆ. ಈಗ ಒಂದು ಕಾಗದ ಕೊಡಿ. ಇವರಿಬ್ಬರೂ ನನ್ನವರು ಅಂತ ಬರೆದು ಸಹಿ ಹಾಕುತ್ತೇನೆ. ನಾಳೆ ಏನಾದರೂ ಆದರೆ ನನ್ನನ್ನು ಕರೆಸಿ.”

ಸಬ್ ಇನ್ಸ್‌ಪೆಕ್ಟರರು ನಕ್ಕರು. ಅವರಿಗೂ ಹೊರೆ ಇಳಿದಂತಾಯಿತು ಎಂದು ನನ್ನ ಊಹೆ. ಅಕ್ಕಿಯ ಕೇಸು ಬರೆಯುವಷ್ಟು ಹುಮ್ಮಸ್ಸು ಆ ಇನ್ನೊಂದು ಕೇಸಿಗೆ ಯಾರಿಗೂ ಇರುವುದಿಲ್ಲ. ಕಾಗದ ಕೊಟ್ಟರು.

ವರ್ಕಿ ಹೊರಗೆ ಬಂದ. ಕೈಕಾಲು ನೆಟ್ಟಗಿದ್ದವು. ಅಪ್ಪಿಕೊಂಡು ಅಳುತ್ತಾರೇನೋ ಎಂದು ನಾನು ಮರ್ಯಾದೆಗಾಗಿ ಮುಖ ತಿರುಗಿಸಲು ಸಿದ್ಧನಾಗಿದ್ದೆ.

“ಹೊಡೆದರಾ?” ಎಂದ ಔಸೇಪ್ಪ್.

“ಇಲ್ಲ.”

“ಊಟ?”

“ಕೊಟ್ಟರು. ಉಪ್ಪಿರಲಿಲ್ಲ. ನೀನು ಉಂಡೆಯಾ?”

“ನನ್ನ ವಿಷಯ ಬಿಡು. ಅಂಗಿ ನೋಡು, ಹೇಗೆ ಮಾಡಿಕೊಂಡಿದ್ದೀಯ.”

ಅಷ್ಟೇ. ಇಬ್ಬರೂ ಬೈದಾಡಿಕೊಳ್ಳುತ್ತ ರಸ್ತೆಗಿಳಿದರು. ನಾನು ಸೈಕಲ್ ಹಿಡಿದು ನಿಂತಲ್ಲೇ ನಿಂತಿದ್ದೆ. ಬಹಳ ಹೊತ್ತಿನ ಮೇಲೆ ಗೊತ್ತಾಯಿತು, ನಗುತ್ತಿದ್ದೆ.

ಮರುವಾರ ಎರಡು ಕಾರ್ಡನ್ನೂ ರದ್ದು ಮಾಡಿ ಒಂದು ಬರೆದೆ. ಸಂಬಂಧದ ಅಂಕಣದಲ್ಲಿ ‘ಸದಸ್ಯ’ ಎಂದು ಹಾಕಿದೆ. ಇಲಾಖೆ ನನಗೆ ಎಚ್ಚರಿಕೆಯ ಮೆಮೊ ಕೊಟ್ಟಿತು. ನನ್ನ ಸೇವಾಪುಸ್ತಕದಲ್ಲಿ ಇರುವ ಒಂದೇ ಕಪ್ಪುಚುಕ್ಕೆ ಅದು. ಮೆಮೊ ನ್ಯಾಯವಾಗಿತ್ತು, ಕಾರಣ ಮಾತ್ರ ಅವರಿಗೆ ಪೂರ್ತಿ ತಿಳಿದಿರಲಿಲ್ಲ.

ಮತ್ತಾಯಿ ಅಚ್ಚನ್ನರನ್ನು ಬಹಳ ವರ್ಷಗಳ ಮೇಲೆ, ಅವರು ಮುದುಕರಾಗಿ ವಿಶ್ರಾಂತಿಯಲ್ಲಿದ್ದಾಗ, ನೋಡಲು ಹೋಗಿದ್ದೆ. ಆ ದಿನದ ಮಾತೆತ್ತಿ ಹೊಗಳಿದೆ. ಅವರು ಕೈ ಆಡಿಸಿದರು. “ಗೌಡರೇ, ವರ್ಷಕ್ಕೊಮ್ಮೆ ಮನೆಮನೆಗೆ ಹೋಗಿ ಆಶೀರ್ವಾದ ಮಾಡುವುದು ನಮ್ಮ ಪದ್ಧತಿ. ಆ ದಿನಕ್ಕೆ ಮುಂಚೆ ಮೂರು ವರ್ಷ ನಾನು ಅವರ ಮನೆ ದಾಟಿ ಮುಂದಿನ ಮನೆಗೆ ಹೋಗಿದ್ದೆ. ಅದನ್ನು ಯಾರೂ ಕೇಳುವುದಿಲ್ಲ. ಔಸೇಪ್ಪ್ ಬಂದು ಚರ್ಚಿನ ಮೆಟ್ಟಿಲ ಮೇಲೆ ಕೂತಾಗ ಪ್ರಸಂಗ ಒಂದೂ ನೆನಪಿಗೆ ಬರಲಿಲ್ಲ. ಆ ವರ್ಷ ಹೋದೆ. ಮೀನು ಸಾರು ಮಾಡಿದ್ದರು.” ಮತ್ತೆ ಹೇಳಿದರು, “ಗ್ರಂಥದಲ್ಲಿ ಇರುವುದು ಇದ್ದೇ ಇದೆ. ಆದರೆ ಆಮೇಲೆ ಆ ಬೆಂಚಿನ ಕಡೆ ನೋಡಿ ಅದನ್ನು ಓದಲಿಕ್ಕೆ ನನ್ನಿಂದ ಆಗಲಿಲ್ಲ.”

ನಾನು ನಿವೃತ್ತನಾದ ಮೇಲೆ ವರ್ಕಿ ತೀರಿಕೊಂಡ. ಮಣ್ಣಿಗೆ ಹೋಗಿದ್ದೆ. ಅವರಲ್ಲಿ ಪೆಟ್ಟಿಗೆ ಮುಚ್ಚುವ ಮೊದಲು ಹತ್ತಿರದವರು ಸತ್ತವರ ಹಣೆಗೆ ಕೊನೆಯ ಮುತ್ತು ಕೊಡುವ ಪದ್ಧತಿಯಿದೆ. ಹೆಂಡತಿ, ಮಕ್ಕಳು, ಒಡಹುಟ್ಟಿದವರು ಎಂದು ಅದಕ್ಕೊಂದು ಕ್ರಮ. ತಿರುವಾಂಕೂರಿನಿಂದ ವರ್ಕಿಯ ಅಣ್ಣನ ಮಕ್ಕಳು ಬಂದಿದ್ದರು, ಎದ್ದು ನಿಂತರು. ಔಸೇಪ್ಪ್ ಹಿಂದಿನ ಸಾಲಿನಲ್ಲಿ ಕೋಲು ಹಿಡಿದು ಕೂತಿದ್ದ. ಚರ್ಚಿಗೆ ಹೊಸದಾಗಿ ಬಂದ ಅಚ್ಚನ್ನಿಗೆ ಮೂವತ್ತೂ ಆಗಿರಲಿಲ್ಲ. ಅವರು ಪೆಟ್ಟಿಗೆಯ ಬಳಿಯಿಂದ ನಡೆದು ಹಿಂದಿನ ಸಾಲಿಗೆ ಬಂದು ಬಾಗಿ ಹೇಳಿದರು, “ಔಸೇಪ್ಪ್ ಚೇಟ್ಟಾ, ಮೊದಲು ನೀವು.”

ಅಣ್ಣನ ಮಕ್ಕಳು ದಾರಿ ಬಿಟ್ಟರು. ಚರ್ಚು ತುಂಬಿದ್ದ ಜನರ ನಡುವೆ ಔಸೇಪ್ಪ್ ಕೋಲೂರಿಕೊಂಡು ಪೆಟ್ಟಿಗೆಯ ಬಳಿಗೆ ನಡೆದ.

ಈಗ ಸುಪ್ರೀಂ ಕೋರ್ಟು ಆ ಕಲಮಿನ ಹಲ್ಲು ಕಿತ್ತಿದೆ. ಚರ್ಚಿನ ದೊಡ್ಡವರು ಇನ್ನೂ ಯೋಚಿಸುತ್ತಿದ್ದಾರೆ, ಅವರಿಗೆ ಕಾಲಾವಕಾಶ ಜಾಸ್ತಿ. ನನ್ನ ನೌಕರಿ ನನಗೆ ಕಲಿಸಿದ್ದು ಸಣ್ಣದು. ಒಂದು ಮನೆಯೊಳಗೆ ಹೋಗುವ ಅಧಿಕಾರ ಸಿಕ್ಕವನು, ಬಂದ ಕೆಲಸಕ್ಕೆ ಬೇಕಾದಷ್ಟು ನೋಡಿ ಹೊರಗೆ ಬರಬೇಕು. ಹೆಚ್ಚು ನೋಡಿದ್ದನ್ನು ಕಾಗದಕ್ಕೆ ಇಳಿಸಿದರೆ, ಅದನ್ನು ತಿದ್ದಲು ಇನ್ನೊಬ್ಬರು ಕೆಸರು ತುಳಿದುಕೊಂಡು ಬರಬೇಕಾಗುತ್ತದೆ. ನನ್ನ ಪುಣ್ಯ, ಆ ದಿನ ಮತ್ತಾಯಿ ಅಚ್ಚನ್ ಸಂಜೆಯಾಗುವ ಮುಂಚೆ ಬಂದರು.