ಮಂಕರಿ ಮುಟ್ಟಬೇಡ

ನಾನು ಚಿಕ್ಕವನಿದ್ದಾಗ, ಮಕ್ಕಳೇ, ನಮ್ಮ ಮನೆಯಲ್ಲಿ ಯಾರೂ ‘ಒಂದು’ ಅಂತ ಎಣಿಕೆ ಶುರು ಮಾಡುತ್ತಿರಲಿಲ್ಲ. ರಾಗಿ ಅಳೆಯಲಿ, ತೆಂಗಿನಕಾಯಿ ಎಣಿಸಲಿ, ಮೊದಲನೆಯದಕ್ಕೆ ‘ಲಾಭ’ ಅನ್ನಬೇಕು. ಆಮೇಲೆ ಎರಡು, ಮೂರು. ಹತ್ತು ಕಾಯಿಗೆ ಒಂದು ಮಂಕರಿ. ಆ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ, ಮತ್ತೆ ಲಾಭದಿಂದ ಶುರು.

ಒಂದು ದಿನ ಮೇಷ್ಟ್ರು ಬೋರ್ಡಿನ ಮೇಲೆ ಹನ್ನೊಂದು ಬರೆದು, “ಬಿಡಿಸಿ ಹೇಳೋ” ಅಂತ ನನ್ನನ್ನು ಎಬ್ಬಿಸಿದರು. “ಹತ್ತು, ಲಾಭ, ಸಾ” ಅಂದೆ. ಹುಡುಗರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಷ್ಟ್ರು ನಗಲಿಲ್ಲ. ಹುಣಸೆ ಬರಲಿನಿಂದ ಅಂಗೈಗೆ ಬಾರಿಸಿ, “ಒಂದು ಅನ್ನೋಕೂ ಬರಲ್ಲ. ದನ ಕಾಯೋಕೆ ಹಾಕು ಅಂತ ನಿಮ್ಮಪ್ಪನಿಗೆ ಹೇಳು” ಅಂದರು.

ಹೇಳುವ ಕಷ್ಟವೇ ಬರಲಿಲ್ಲ. ನನಗಿಂತ ಮುಂಚೆ ಸುದ್ದಿ ಮನೆ ಸೇರಿತ್ತು. ಜಗಲಿ ಮೇಲೆ ಎಲೆಗೆ ಸುಣ್ಣ ಹಚ್ಚುತ್ತಿದ್ದ ಅಪ್ಪ ನನ್ನ ಮುಖ ಕೂಡ ನೋಡದೆ, “ನಾಳೆ ಒಂದಿನ ಹೋಗು. ಮತ್ತೂ ಹಿಂಗೇ ಆದ್ರೆ ನಾಡಿದ್ದಿಂದ ಎಮ್ಮೆ ಹೊಡ್ಕೊಂಡು ಹೋಗು” ಅಂದ. ಅಕ್ಕನನ್ನು ಶಾಲೆ ಬಿಡಿಸಿದ್ದೂ ಹೀಗೇ, ಒಂದೇ ಮಾತಿನಲ್ಲಿ.

ಅಕ್ಕ ನನ್ನ ರಟ್ಟೆ ಹಿಡಿದು ಅಂಗಳಕ್ಕೆ ಎಳೆದಳು. ಸುಲಿದ ಕಾಯಿಗಳ ಹಸಿ ನಾರಿನ ವಾಸನೆ. ಏಟು ಬಿದ್ದ ಅಂಗೈಗೆ ಆ ನಾರು ತಾಗಿದರೆ ಉರಿ. ಅವಳು ಹದಿನಾಲ್ಕು ಕಾಯಿ ಸುರಿದಳು. ನಾನು ಹತ್ತನ್ನು ಮಂಕರಿಗೆ ಹಾಕಿ, ಅನುಮಾನ ಬಂದು, ಮತ್ತೆ ಅದಕ್ಕೇ ಕೈ ಹಾಕಿದೆ. ಮಣಿಕಟ್ಟಿಗೆ ಪಟ್ ಅಂತ ಬಿತ್ತು.

“ಮಂಕರಿ ಮುಟ್ಬೇಡ ಕಣ್ಲಾ. ಅದು ಹತ್ತು. ಈಗ ತಾನೇ ಹಾಕ್ದೆ, ಇಲಿ ತಿಂದ್ಬುಡ್ತಾ? ಹೊರಗಿರೋದು ಎಷ್ಟು?”

“ನಾಲ್ಕು.”

“ಹತ್ತೂ ನಾಲ್ಕೂ?”

“ಹದಿನಾಲ್ಕು.”

ಹೊರಗೆ ಮೂರಿಟ್ಟಳು, ಎಂಟಿಟ್ಟಳು, ಒಂದನ್ನೇ ಇಟ್ಟಳು. ಪ್ರೀತಿಯ ಮಾತು ಒಂದೂ ಇಲ್ಲ. “ಲಾಭ ಅನ್ನೋದು ಮನೇಲಿ. ಆ ಮನುಷ್ಯನ ಮುಂದೆ ಒಂದು ಅನ್ನು. ನಾನಂತೂ ಸಗಣಿ ಬಾಚ್ತಾ ಇದೀನಿ. ನೀನೂ ಬತ್ತೀಯಾ ಜೊತೆಗೆ?”

ಮಾರನೇ ದಿನ ಮೇಷ್ಟ್ರು, “ಬಾರಪ್ಪ ಲಾಭ” ಅಂತಲೇ ಕರೆದರು. “ಹದಿನೇಳು ಬಿಡಿಸು.”

“ಹತ್ತು, ಏಳು, ಸಾ.”

“ಹತ್ತೂ ಒಂಬತ್ತೂ?”

“ಹತ್ತೊಂಬತ್ತು.”

“ಹತ್ತೂ ಲಾಭಾನೂ?”

ಹುಡುಗರು ನಗುವುದಕ್ಕೆ ಬಾಯಿ ತೆರೆದು ಕೂತಿದ್ದರು. ನಾನು ಮೇಷ್ಟ್ರ ಮುಖ ನೋಡಲಿಲ್ಲ, ಮಂಕರಿಯನ್ನು ನೆನೆದೆ. ಹೊರಗೆ ಒಂದೇ ಕಾಯಿ. “ಹನ್ನೊಂದು, ಸಾ.”

ಯಾರೂ ನಗಲಿಲ್ಲ. ಮೇಷ್ಟ್ರು ಭೇಷ್ ಅನ್ನಲೂ ಇಲ್ಲ. “ಕೂತ್ಕೋ” ಅಂದರು, ಅಷ್ಟೇ. ಅಪ್ಪ ಎಮ್ಮೆಯ ಮಾತು ಮತ್ತೆ ಎತ್ತಲಿಲ್ಲ. ಲಾಭ ಅನ್ನೋ ಹೆಸರು ಮಾತ್ರ ಆ ಶಾಲೆ ಬಿಡುವವರೆಗೂ ಅಂಟಿಕೊಂಡಿತ್ತು. ಆ ಮೇಷ್ಟ್ರನ್ನು ನಾನು ಆಗಲೂ ಕ್ಷಮಿಸಲಿಲ್ಲ, ಈಗಲೂ ಇಲ್ಲ.

ನಿಮಗೆ ಬಣ್ಣದ ಪ್ಲಾಸ್ಟಿಕ್ ತುಂಡುಗಳಿವೆ. ಹತ್ತನ್ನು ಒಂದಕ್ಕೊಂದು ಸಿಕ್ಕಿಸಿ, ಉಳಿದದ್ದನ್ನು ಪಕ್ಕಕ್ಕಿಟ್ಟರೆ ಮಿಸ್ಸು ಕೈಗೆ ಸ್ಟಾರ್ ಅಂಟಿಸುತ್ತಾರೆ. ಅಂಟಿಸಲಿ. ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮಾಡಿದವನು ನಾನು. ಅದನ್ನು ಎದೆ ಎತ್ತಿಯೇ ಹೇಳುತ್ತೇನೆ. ಮಂಕರಿ ಮುಂದಿಟ್ಟವಳನ್ನು ಮಾತ್ರ ಯಾರೂ ಮತ್ತೆ ಶಾಲೆಗೆ ಕಳಿಸಲಿಲ್ಲ. ನಿಮ್ಮ ಕ್ಲಾಸಿನಲ್ಲಿ ಯಾವುದಾದರೂ ಮಗು ತನ್ನ ಮನೆಯ ಥರ ಎಣಿಸಿದಾಗ, ನಗುವವರ ಜೊತೆ ನೀವೂ ನಕ್ಕಿರಿ ಅಂತ ನನ್ನ ಕಿವಿಗೆ ಬೀಳದಿರಲಿ.