ಹೆನ್ರಿಯವರ ಪಿಂಚಣಿಯೂ ನಮ್ಮೂರ ಮುಯ್ಯಿಯೂ

ಮಿತ್ರರೇ, ಇಂದು ಮಂಚಿಕೇರಿಯ ಉಪನಯನದಲ್ಲಿ ಹೆನ್ರಿ ಊಟದ ನಡುವೆ ಮುನಿಸಿಕೊಂಡು ಎದ್ದುಹೋದರೆಂದು ಅವರ ನೆರೆಮನೆಯ ಸುಬ್ರಾಯ ನಮ್ಮ ಈ ವಾಟ್ಸಾಪ್ ಗುಂಪಿನಲ್ಲಿ ಬರೆದಿದ್ದಾನೆ. ಅದು ತಪ್ಪು. ಅವರು ಹೋಳಿಗೆಯನ್ನೂ ಮಜ್ಜಿಗೆಯನ್ನೂ ಮುಗಿಸಿಯೇ ಎದ್ದರು. ಮುನಿದದ್ದು ಆಮೇಲೆ, ಎಲೆ-ಅಡಿಕೆಯ ಕವಳದ ತಟ್ಟೆಯ ಬಳಿ, ಇನ್ನೊಂದು ಮದುವೆಯ ಕರೆಯೋಲೆ ಕೈಗೆ ಬಂದಾಗ.

ಇಂಗ್ಲೆಂಡಿನ ಪಿಂಚಣಿ ಇಲ್ಲಿ ಧಾರಾಳವಾಗಿ ಸಾಲುತ್ತದೆಂದು ಯಲ್ಲಾಪುರದಲ್ಲಿ ಮನೆ ಹಿಡಿದವರು ಅವರು. ಕರೆದ ಮನೆಗಳಿಗೆಲ್ಲ ಉಡುಗೊರೆ ಒಯ್ದು ಮುಯ್ಯಿ ಮಾಡಬೇಕೆಂಬುದು ಅವರ ಲೆಕ್ಕದಲ್ಲಿ ಇರಲಿಲ್ಲ.

“ಇಲ್ಲಿ ಅಕ್ಕಿ ಅಗ್ಗ, ಬಾಡಿಗೆ ಅಗ್ಗ, ಆಮಂತ್ರಣ ದುಬಾರಿ,” ಎಂದರು, ನಾನು ಕಲಿಸಿದ ಶುದ್ಧ ಕನ್ನಡದಲ್ಲಿ. “ಶ್ರೀಲಂಕೆಗೆ ಹೋಗುತ್ತೇನೆ. ಅಲ್ಲಿ ನನ್ನನ್ನು ಯಾರೂ ಅರಿಯರು.”

ಸುಬ್ರಾಯ ಬಿಡಲಿಲ್ಲ. “ಮಾರಾಯಾ, ಹೋಪಲೆ ಎಂತ ಅವಸರ? ನಿಂಗೆ ಅರವತ್ತಾತಲಾ, ಷಷ್ಟ್ಯಬ್ದಿ ಮಾಡ್ಕ್ಯ. ಕೊಟ್ಟಿದ್ದೆಲ್ಲ ತಿರುಗಿ ಬತ್ತು.”

ಹೆನ್ರಿ ಯೋಚಿಸಿ, “ಎಷ್ಟು ಜನರಿಗೆ ಊಟ ಹಾಕಬೇಕು?” ಎಂದರು.

“ನೀನು ಉಂಡ ಮನೆಯವೆಲ್ಲ ಬತ್ತ.”

ಷಷ್ಟ್ಯಬ್ದಿ ನಿಶ್ಚಯವಾಗಿ, ಶ್ರೀಲಂಕೆ ಸದ್ಯಕ್ಕೆ ರದ್ದಾಗಿದೆ. ಹೊರಡಲು ಕೈಯಲ್ಲಿ ಏನಾದರೂ ಉಳಿಯಬೇಕಲ್ಲ. ಈ ತೀರ್ಮಾನಕ್ಕೆ ಸಾಕ್ಷಿಗಳಾಗಿ ನಿಂತು, ಊಟಕ್ಕೆ ಬರಲು ಅಲ್ಲಿಯೇ ಒಪ್ಪಿದವರು: ಸುಬ್ರಾಯ, ಅವನ ಹೆಂಡತಿ ಮಹಾದೇವಿ, ಇಡಗುಂದಿಯ ನಾರಾಯಣ, ಅಡುಗೆಯ ಗಣಪಣ್ಣ ಮತ್ತು ನಾನು.